ಮೂವತ್ತೊಂಬತ್ತು ಅಂಕೆಗಳ ಒಂದು ಅವಿಭಾಜ್ಯಸಂಖ್ಯೆ

2ರ 127ನೆಯ ಘಾತದಿಂದ 1ನ್ನು ಕಳೆದರೆ 170141183460469231731687303715884105727 ಎಂಬ ಸಂಖ್ಯೆ ದೊರೆಯುತ್ತದೆ. 1ನ್ನೂ ತನ್ನನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ಇದು ನಿಶ್ಶೇಷವಾಗಿ ಭಾಗವಾಗದೆಂಬುದನ್ನು ಫ್ರಾನ್ಸಿನ ಗಣಿತಜ್ಞನಾದ ಎದ್ವಾರ್ ಲ್ಯೂಕಾ 1876ರಲ್ಲಿ ಸ್ಥಾಪಿಸಿದನು. ಇದನ್ನು ಮೀರಿದ ಅವಿಭಾಜ್ಯಸಂಖ್ಯೆ 1951ರ ಪರ್ಯಂತ ಯಾರಿಗೂ ತಿಳಿದಿರಲಿಲ್ಲ.

ಭಾಗಿಸಿ ನೋಡಿ ನಿರ್ಣಯಿಸಿದನೆ ಎಂದರೆ, ಅದು ಆಗದ ಮಾತು. ಈ ಸಂಖ್ಯೆಯ ವರ್ಗಮೂಲವೇ 20 ಅಂಕೆಗಳಷ್ಟಿದೆ. ಅಲ್ಲಿಯವರೆಗಿನ ಭಾಜಕಗಳನ್ನು ಒಂದೊಂದಾಗಿ ಪರೀಕ್ಷಿಸುವುದಕ್ಕೆ ಮನುಷ್ಯನ ಆಯುಸ್ಸು ಸಾಲದು. 1644ರಲ್ಲಿ ಮೆರ್ಸೆನ್ ಎಂಬ ಸಂನ್ಯಾಸಿಯು ಇಂತಹ ಅವಿಭಾಜ್ಯಗಳನ್ನು ಕೊಡುವ ಘಾತಗಳ ಪಟ್ಟಿಯಲ್ಲಿ 127ನ್ನು ಸೇರಿಸಿದ್ದನು ನಿಜ. ಆದರೆ ಉಪಪತ್ತಿಯಿಲ್ಲದ ಆ ಪಟ್ಟಿಯಲ್ಲಿ 67ನ್ನು ಸೇರಿಸಿದುದೂ 61ನ್ನು ಬಿಟ್ಟುದೂ ತಪ್ಪೆಂದು ಮುಂದೆ ಗೊತ್ತಾಯಿತು.

ಲ್ಯೂಕಾ ಹಿಡಿದ ದಾರಿಯ ಮೊದಲು ಛಂದಸ್ಸನ್ನು ಬಲ್ಲವರಿಗೆ ಹೊಸತಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 1, 2, 3, 4, 5 ಮಾತ್ರೆಗಳನ್ನು ಪ್ರಸ್ತಾರ ಮಾಡಿದರೆ ಕ್ರಮವಾಗಿ 1, 2, 3, 5, 8 ಭೇದಗಳು ದೊರೆಯುತ್ತವೆ. ಕೊನೆಯ ಅಕ್ಷರವು ಲಘುವಾದರೆ ಒಂದು ಮಾತ್ರೆ ಕಡಮೆಯಾದ ಪ್ರಸ್ತಾರವೂ ಗುರುವಾದರೆ ಎರಡು ಮಾತ್ರೆ ಕಡಮೆಯಾದುದೂ ಉಳಿಯುವುದರಿಂದ, ಹಿಂದಿನ ಎರಡರ ಮೊತ್ತವೇ ಮುಂದಿನದು. 12ನೆಯ ಶತಮಾನದ ಹೇಮಚಂದ್ರನು ಹೇಳಿರುವ ಈ ಶ್ರೇಣಿಗೆ ಯೂರೋಪಿನಲ್ಲಿ ಫಿಬೊನಾಚಿಯ ಹೆಸರು ನಿಂತಿತು. ಇದೇ ಸಂಕಲನವನ್ನು 2, 1 ಎಂಬುವುಗಳಿಂದ ಆರಂಭಿಸಿದರೆ 2, 1, 3, 4, 7, 11, 18, 29, 47 ಎಂದು ಲ್ಯೂಕಾನ ಶ್ರೇಣಿ ಬೆಳೆಯುತ್ತದೆ. ಅದರಲ್ಲಿ 3, 7, 47 ಇವುಗಳನ್ನು ನೋಡಬೇಕು: 3ರ ವರ್ಗದಿಂದ 2ನ್ನು ಕಳೆದರೆ 7, 7ರ ವರ್ಗದಿಂದ 2ನ್ನು ಕಳೆದರೆ 47.

ಘಾತವು 4ರಿಂದ ಭಾಗಿಸಲು 3 ಉಳಿಯುವ ಅವಿಭಾಜ್ಯವಾಗಿದ್ದರೆ, 3ರಿಂದ ಹೊರಟು ಹೀಗೆಯೇ ಮುಂದುವರಿದು, ಪ್ರತಿ ಪದವನ್ನೂ ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಘಾತಕ್ಕಿಂತ ಒಂದು ಕಡಮೆಯಾದ ಸ್ಥಾನದಲ್ಲಿ 0 ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 2ರ 7ನೆಯ ಘಾತದಿಂದ 1 ಕಳೆದ 127ಕ್ಕೆ ಶೇಷಗಳು 3, 7, 47, 48, 16, 0. ನಮ್ಮ ದೊಡ್ಡ ಸಂಖ್ಯೆಗೆ 126ನೆಯ ಪದದವರೆಗೆ ಹೋಗಬೇಕು. ಶ್ರಮವುಂಟು, ಆದರೆ ಅಸಾಧ್ಯವಲ್ಲ.

ಇದರಲ್ಲಿ ನಿಜವಾಗಿ ಸೋಜಿಗವಾದುದು ಬೇರೆಯೇ ಇದೆ. 67ನೆಯ ಘಾತದ ಸಂಖ್ಯೆ ವಿಭಾಜ್ಯವೆಂದು ಲ್ಯೂಕಾ 1876ರಲ್ಲಿಯೇ ತೋರಿಸಿದನು. ಅದರ ಒಂದು ಭಾಜಕವೂ ಅವನಿಗೆ ತಿಳಿದಿರಲಿಲ್ಲ. 193707721, 761838257287 ಎಂಬ ಭಾಜಕಗಳನ್ನು ಅಮೆರಿಕದ ಕೋಲ್ ಪ್ರಕಟಿಸಿದುದು 1903ರಲ್ಲಿ. ಒಡೆಯುತ್ತದೆಂದು ಅರಿಯುವುದೂ ಒಡೆದು ತೋರಿಸುವುದೂ ಒಂದೇ ವಿದ್ಯೆಯಲ್ಲ.

1930ರಲ್ಲಿ ಲೆಹ್ಮರ್, 3ರ ಬದಲು 4ರಿಂದ ಆರಂಭಿಸಿದರೆ ಈ ಪರೀಕ್ಷೆ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಸಲ್ಲುವುದೆಂದು ತೋರಿಸಿದನು. 2024ರಲ್ಲಿ ದೊರೆತ 41024320 ಅಂಕೆಗಳ ಅವಿಭಾಜ್ಯವನ್ನೂ ಗಣಕಯಂತ್ರಗಳು ಇದರಿಂದಲೇ ದೃಢಪಡಿಸಿದುವು.

2ನ್ನು ಘಾತವಾಗಿಟ್ಟರೆ 3, 3ನ್ನಿಟ್ಟರೆ 7, 7ನ್ನಿಟ್ಟರೆ 127, 127ನ್ನಿಟ್ಟರೆ ನಮ್ಮ ಸಂಖ್ಯೆ, ಎಲ್ಲವೂ ಅವಿಭಾಜ್ಯಗಳೇ. ಈ ಸಂಖ್ಯೆಯನ್ನೇ ಘಾತವಾಗಿಟ್ಟರೆ ಬರುವುದು ಎಂತಹುದೆಂದು ಇನ್ನೂ ನಿರ್ಣಯವಾಗಿಲ್ಲ. ಲ್ಯೂಕಾನ ಪರೀಕ್ಷೆಯನ್ನು ಅದಕ್ಕೆ ಹಚ್ಚಬೇಕಾದರೆ ನಡೆಯಬೇಕಾದ ಹೆಜ್ಜೆಗಳ ಎಣಿಕೆಯೇ ಮೇಲೆ ಬರೆದ 39 ಅಂಕೆಗಳಷ್ಟಾಗುತ್ತದೆ.