ಒಂದೇ ತಲೆಯೊಳಗೆ ಎರಡು ಅರ್ಧ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರುಗಳ ದಾರಿ. ಮುಂಜಾನೆ ಬೈಸಿಕಲ್ಲನ್ನೇರಿ ಈ ದಾರಿ ಹಿಡಿದ ವಿದ್ಯಾರ್ಥಿಯೊಬ್ಬನನ್ನು ನಾವು ಕಲ್ಪಿಸಿಕೊಳ್ಳೋಣ. ಊರು ದಾಟುವ ಮೊದಲೇ ಹೋಟೆಲೊಂದರಿಂದ ಬೆಣ್ಣೆದೋಸೆಯ ಪರಿಮಳ ತೇಲಿಬರುತ್ತದೆ. ಅದರ ಬೆನ್ನಿಗೇ, ಚಿಕ್ಕಂದಿನಲ್ಲಿ ಅಜ್ಜನ ಕೈಹಿಡಿದು ಅಲ್ಲಿಗೆ ಹೋಗಿದ್ದ ನೆನಪೂ ಬರುತ್ತದೆ. ಇದು ಆಕಸ್ಮಿಕವಲ್ಲ. ನೋಟ, ಶಬ್ದ, ಸ್ಪರ್ಶಗಳ ಸುದ್ದಿಯು ಮಿದುಳಿನ ನಡುವಣ ಥಲಾಮಸ್ ಎಂಬ ಠಾಣೆಯನ್ನು ಹಾದೇ ಮುಂದೆ ಸಾಗಬೇಕು. ವಾಸನೆಗೆ ಮಾತ್ರ ಆ ಕಟ್ಟಳೆಯಿಲ್ಲ. ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ, ನೆನಪುಗಳನ್ನು ನೆಲೆಗೊಳಿಸುವ ಹಿಪೊಕ್ಯಾಂಪಸ್ ಇವುಗಳ ನೆರೆಗೆ ಅದು ನೇರವಾಗಿ ತಲಪುತ್ತದೆ.

ಸವಾರನು ಪೆಡಲು ತುಳಿಯುತ್ತಾನೆ. ಬೀಳದಂತೆ ಮೈಯನ್ನು ಎತ್ತ ವಾಲಿಸಬೇಕೆಂದು ಆಲೋಚಿಸುವುದಿಲ್ಲ. ಆ ಕೆಲಸವು ತಲೆಯ ಹಿಂಬದಿಯಲ್ಲಿ, ಕೆಳಗಡೆ ಅಡಗಿರುವ ಕಿರುಮಿದುಳಿನದು. ತೂಕದಲ್ಲಿ ಅದು ಮಿದುಳಿನ ಹತ್ತನೆಯ ಒಂದು ಪಾಲು. ಆದರೆ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದನೆಯ ನಾಲ್ಕು ಪಾಲು ಅಲ್ಲಿಯೇ ಇವೆ! ಉಸಿರಾಟವನ್ನು ನಡೆಸುವ, ಎದೆಬಡಿತದ ವೇಗವನ್ನು ಹದಗೊಳಿಸುವ ಹೊಣೆಯು ಬೆನ್ನುಹುರಿಗೆ ಕೂಡಿಕೊಂಡಿರುವ ಮಿದುಳುಕಾಂಡದ್ದು. ನಾವು ನಿದ್ರಿಸುವಾಗಲೂ ಅದಕ್ಕೆ ಬಿಡುವಿಲ್ಲ.

ಹರಿಹರದಲ್ಲಿ, ತುಂಗಭದ್ರೆಯ ದಡದ ಮೇಲೆ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿಯ ಮೂರ್ತಿಯ ಬಲ ಅರ್ಧ ಹರ, ಎಡ ಅರ್ಧ ಹರಿ. ದರ್ಶನಕ್ಕೆ ನಿಂತ ನಮ್ಮ ವಿದ್ಯಾರ್ಥಿಯ ತಲೆಯೊಳಗೂ ಇಂಥದೇ ಒಂದು ಜೋಡಣೆಯುಂಟು. ಮಿದುಳಿನ ಬಹುಭಾಗವಾದ ಹೆಮ್ಮಿದುಳು ಎಡ, ಬಲ ಎಂದು ಎರಡು ಅರ್ಧಗಳಾಗಿದೆ. ಸುಮಾರು 20 ಕೋಟಿ ನರತಂತುಗಳ ಸೇತುವೆಯೊಂದು ಅವನ್ನು ಬೆಸೆದಿದೆ. ಹಣೆಯ ಹಿಂದಣ ಭಾಗ ಯೋಜನೆ, ವಿವೇಚನೆಗಳಿಗೆ. ನೆತ್ತಿಯ ಬಳಿ ಸ್ಪರ್ಶ. ಕಿವಿಯ ಬಳಿ ಶ್ರವಣ. ಕಣ್ಣುಗಳು ಮುಂದಿದ್ದರೂ ನೋಟವನ್ನು ಅರಿಯುವ ಭಾಗವಿರುವುದು ತಲೆಯ ಹಿಂದುಗಡೆ! ಇನ್ನೂ ಒಂದು ವಿಚಿತ್ರವಿದೆ. ಕೈಕಾಲುಗಳಿಗೆ ಅಪ್ಪಣೆಯೊಯ್ಯುವ ತಂತುಗಳಲ್ಲಿ ಬಹುಪಾಲು ಮಿದುಳುಕಾಂಡದ ಕೆಳತುದಿಯಲ್ಲಿ ಅಡ್ಡಹಾಯುವುದರಿಂದ, ಎಡ ಅರ್ಧವು ಬಲಗೈಯನ್ನೂ ಬಲ ಅರ್ಧವು ಎಡಗೈಯನ್ನೂ ಆಳುತ್ತವೆ.

ಮಾತು ಬಹುಮಂದಿಯಲ್ಲಿ ಎಡ ಅರ್ಧದ ಸೊತ್ತು. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಕಂಡನು. ಇತರರ ಮಾತು ಅವನಿಗೆ ತಿಳಿಯುತ್ತಿತ್ತು. ಆದರೆ ಏನು ಕೇಳಿದರೂ ಅವನ ಬಾಯಿಂದ ಹೊರಡುತ್ತಿದ್ದುದು ‘ಟ್ಯಾನ್’ ಎಂಬ ಒಂದೇ ಶಬ್ದ. ಅವನು ಸತ್ತ ಬಳಿಕ ಪರೀಕ್ಷಿಸಲಾಗಿ, ಎಡ ಅರ್ಧದ ಮುಂಭಾಗವು ಕೆಟ್ಟಿತ್ತು. ಮಿದುಳಿನ ಯಾವ ಭಾಗದ ಕೆಲಸವೇನೆಂಬ ನಮ್ಮ ತಿಳಿವಳಿಕೆಯಲ್ಲಿ ಬಹಳಷ್ಟು ಹೀಗೆ ರೋಗಿಗಳ ಸಂಕಟದಿಂದಲೇ ದೊರೆತುದು.

ಈಗ ಆ ಅಜ್ಜನನ್ನೇ ನೆನೆಯೋಣ. ಒಂದು ಬೆಳಗ್ಗೆ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಬಲಗೈ ಮೇಲೇಳದು, ಮಾತು ತೊದಲುತ್ತಿದೆ. ಪೆಟ್ಟು ಬಿದ್ದಿರುವುದು ಎಲ್ಲಿಗೆಂದು ವಾಚಕರೇ ಊಹಿಸಬಲ್ಲರು. ಎಡ ಅರ್ಧದ ರಕ್ತನಾಳವೊಂದು ಕಟ್ಟಿಕೊಂಡಿರಬಹುದು ಅಥವಾ ಒಡೆದಿರಬಹುದು. ಇದೇ ಲಕ್ವ. ಮಿದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟೇ ಆದರೂ ಆಮ್ಲಜನಕದ ಐದನೆಯ ಒಂದು ಪಾಲು ಅದಕ್ಕೇ ಬೇಕು. ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ನರಕೋಶಗಳು ಸಾಯತೊಡಗುತ್ತವೆ. ರಕ್ತದ ಹೆಪ್ಪನ್ನು ಕರಗಿಸುವ ಔಷಧವಿದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ನಾಳ ಒಡೆದಿದ್ದರೆ ಅದೇ ಔಷಧ ಅಪಾಯಕಾರಿಯಾದುದರಿಂದ, ಮೊದಲು ತಲೆಯ ಸ್ಕ್ಯಾನ್ ಆಗಲೇಬೇಕು. ಕೈಗೆ ಎಣ್ಣೆ ತಿಕ್ಕಿ, ಮಧ್ಯಾಹ್ನದವರೆಗೆ ನೋಡೋಣವೆಂದು ಕುಳಿತರೆ ಆ ಹೊತ್ತು ಮೀರಿಹೋಗುತ್ತದೆ. ನುಂಗುವ ಶಕ್ತಿಯೂ ಕುಂದಿರಬಹುದಾದುದರಿಂದ ನೀರನ್ನೂ ಕುಡಿಸದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಎಷ್ಟು ಹೊತ್ತಿಗೆ ಆರಂಭವಾಯಿತೆಂದು ವೈದ್ಯರು ಕೇಳುತ್ತಾರೆ. ನಿದ್ರೆಯಿಂದ ಏಳುವಾಗಲೇ ಹೀಗಾಗಿದ್ದರೆ, ಅಜ್ಜನು ಚೆನ್ನಾಗಿದ್ದುದನ್ನು ಮನೆಯವರು ಕಡೆಯ ಬಾರಿ ಕಂಡ ಹೊತ್ತನ್ನು ಹೇಳಬೇಕು.