ಕಾಳಗ ಮೆಕ್ಕೆಜೋಳದ ಹೊಲದಲ್ಲಿ ನಡೆಯಲಿ

‘ವೈಕಿಂಗ್ಸ್’ ಧಾರಾವಾಹಿ ನೋಡಿದವರಿಗೆ ಕಟ್ಟೆಗಾಟ್ ಎಂಬ ಊರು ಮರೆಯುವುದಿಲ್ಲ. ಸುತ್ತ ಬೆಟ್ಟ, ನಡುವೆ ಕಪ್ಪು ನೀರು, ದಂಡೆಯಲ್ಲಿ ಮರದ ಮನೆಗಳು, ದಾಳಿಗೆ ಹೊರಟ ಉದ್ದನೆಯ ಹಡಗುಗಳು. ಅದು ನಾರ್ವೆಯೆಂದೇ ನಾವು ನಂಬುತ್ತೇವೆ. ಮೈಕಲ್ ಹರ್ಸ್ಟ್ ರೂಪಿಸಿದ ಈ ಧಾರಾವಾಹಿ 2013ರಿಂದ 2020ರವರೆಗೆ ಆರು ಸೀಸನ್ನು, 89 ಕಂತು ನಡೆಯಿತು. ಅದರ ಬಹುಪಾಲು ಚಿತ್ರೀಕರಣವಾದದ್ದು ಐರ್ಲೆಂಡಿನ ವಿಕ್ಲೋ ಸೀಮೆಯಲ್ಲಿ. ಆಶ್‌ಫರ್ಡ್ ಸ್ಟುಡಿಯೊದಲ್ಲಿ ಊರು ಕಟ್ಟಿದರು, ಬೆಟ್ಟದ ನಡುವಿನ ನೀರು ಬೇಕಾದಾಗ ಲಾಕ್ ಟೇ ಸರೋವರಕ್ಕೆ ಹೋದರು. ಅದೇ ಕಾಲದ ಕಥೆ ಹೇಳುವ ‘ದಿ ಲಾಸ್ಟ್ ಕಿಂಗ್‌ಡಮ್’ನಲ್ಲಿ ನಾವು ಕಂಡ ಇಂಗ್ಲೆಂಡಿನ ಕೋಟೆ-ಕೇರಿಗಳು ಹಂಗೇರಿಯಲ್ಲಿ, ಬುಡಾಪೆಸ್ಟ್ ಹತ್ತಿರ ಎದ್ದಿದ್ದವು.

ಇತಿಹಾಸ ಎಲ್ಲಿ ನಡೆಯಿತೋ ಅಲ್ಲೇ ಕ್ಯಾಮೆರಾ ಇಡಬೇಕೆಂದಿಲ್ಲ. ನೆಲದ ಗುಣ ಹೊಂದಬೇಕು, ವಿವರ ಸುಳ್ಳಾಗಬಾರದು. ಉತ್ತರ ಕರ್ನಾಟಕದ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯನ್ನು ಈ ಕಣ್ಣಿನಿಂದ ನೋಡಿದರೆ ಆಸೆಯೂ ಹುಟ್ಟುತ್ತದೆ, ಭಯವೂ ಆಗುತ್ತದೆ.

ಆಸೆಗೆ ಕಾರಣ ಬೇಕಾದಷ್ಟಿದೆ. ವೈಕಿಂಗರು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠವನ್ನು ಸುಲಿದದ್ದು 793ರಲ್ಲಿ, ಪ್ಯಾರಿಸ್ ಮೇಲೆ ಬಿದ್ದದ್ದು 845ರಲ್ಲಿ. ಪ್ಯಾರಿಸ್ ದಾಳಿಯ ಹೊತ್ತಿಗೆ ಇಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆ. ಅವನ ನೆಚ್ಚಿನ ದಂಡನಾಯಕ ಬಂಕೆಯನ ಹೆಸರೇ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಬಂದದ್ದು. ಬಂಕೆಯನ ಮಗ ಲೋಕಾದಿತ್ಯ ಅಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರನ ‘ಉತ್ತರಪುರಾಣ’ಕ್ಕೆ ಅಲ್ಲೇ ಪೂಜೆ ಸಂದಿತು. ದಂಡು ಕಟ್ಟುವ ಊರಲ್ಲೇ ಗ್ರಂಥಕ್ಕೂ ಹಬ್ಬ. ಇದಕ್ಕಿಂತ ಒಳ್ಳೆಯ ಮೊದಲ ಕಂತು ಬೇಕೆ?

ಹಾನಗಲ್ಲಿನದು ಇನ್ನೂ ಬಿಸಿಯಾದ ಕಥೆ. 1196ರಲ್ಲಿ ಹೊಯ್ಸಳ ಎರಡನೆಯ ಬಲ್ಲಾಳ ಊರಿನ ಪಡುವಣ ದಿಕ್ಕಿನ ಆನೆಕೆರೆಯ ಬಳಿ ಬೀಡುಬಿಟ್ಟು ಮುತ್ತಿಗೆ ಹಾಕಿದ. ಹಾನಗಲ್ ಕದಂಬರ ಕಾಮದೇವನ ಪರವಾಗಿ ಸೇನಾನಿ ಸೋಹಣಿ ಮತ್ತು ಅವನ ಮಗ ಎದುರು ನಿಂತರು. ಬಲ್ಲಾಳನ ದಂಡು ಆ ಸಲ ಹಿಮ್ಮೆಟ್ಟಿತು, ಆದರೆ ಸೋಹಣಿ ಕಾದಾಡುತ್ತಲೇ ಮಡಿದ. ಬನವಾಸಿ ಕದಂಬರ ಮೂಲಪುರುಷನನ್ನು ದೇವುಡು ಅವರ ಕಾದಂಬರಿಯಿಂದ ಎತ್ತಿಕೊಂಡು 1975ರಲ್ಲಿ ‘ಮಯೂರ’ ಚಿತ್ರ ಬಂತು, ರಾಜ್‌ಕುಮಾರ್ ಮನೆಮನೆಯ ಮಯೂರನಾದರು. ಸೋಹಣಿಯ ಹೆಸರು ಮಾತ್ರ ಇನ್ನೂ ಶಾಸನ ಓದುವವರ ನಡುವೆಯೇ ಉಳಿದಿದೆ.

ಈ ಕಾಳಗಗಳನ್ನು ತೆರೆಗೆ ತರುವವರು ಮೊದಲು ಹೋಗಿ ನಿಲ್ಲಬೇಕಾದದ್ದು ವೀರಗಲ್ಲಿನ ಮುಂದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿರುವಂಥ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ಅದರ ಮೇಲೆ ಮಡಿದವನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು. ತುದಿಯಲ್ಲಿ ಶಿವಸನ್ನಿಧಿ, ಸೂರ್ಯ-ಚಂದ್ರ. ಕತ್ತಿ ಹಿಡಿಯುವ ಬಗೆ, ಗುರಾಣಿಯ ಆಕಾರ, ಸೊಂಟಕ್ಕೆ ಬಿಗಿದ ಬಟ್ಟೆ, ತುರುಬು, ಕುದುರೆಯ ಜೀನು, ಎಲ್ಲವನ್ನೂ ಆ ಕಾಲದ ಶಿಲ್ಪಿಯೇ ಬರೆದಿಟ್ಟಿದ್ದಾನೆ. ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದಲ್ಲೂ ವೈಕಿಂಗರ ಕಾಲದ ಚಿತ್ರಕಲ್ಲುಗಳಿವೆ. ಅವುಗಳಲ್ಲೊಂದರಲ್ಲಿ ಎಂಟು ಕಾಲಿನ ಕುದುರೆಯೇರಿ ಬಂದವನನ್ನು ಒಬ್ಬ ಹೆಣ್ಣು ಪಾನದ ಕೊಂಬು ಹಿಡಿದು ಬರಮಾಡಿಕೊಳ್ಳುತ್ತಾಳೆ. ಸಾವಿರಾರು ಮೈಲಿ ದೂರದ, ಒಬ್ಬರನ್ನೊಬ್ಬರು ಕಂಡೂ ಕೇಳದ ಎರಡು ಜನ, ರಣದಲ್ಲಿ ಬಿದ್ದವನಿಗೆ ಒಂದೇ ಬಗೆಯ ಸ್ವರ್ಗ ಕೊಟ್ಟಿದ್ದಾರೆ! ನಮ್ಮ ಐತಿಹಾಸಿಕ ಧಾರಾವಾಹಿಗಳ ಸೈನಿಕರು ಮಾತ್ರ ಯಾವ ಶತಮಾನವಾದರೂ ಅದೇ ಮಿರುಗುವ ಬಟ್ಟೆಯಲ್ಲಿ ಬಂದು ಹೋಗುತ್ತಾರೆ. ಕಲ್ಲು ಕಣ್ಣೆದುರಿಗೇ ಇರುವಾಗ ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಭಯದ ಮಾತು. ತಾರಕೇಶ್ವರ ಗುಡಿಯ ಮಂಟಪದ ತಾವರೆಯಾಕಾರದ ಭುವನೇಶ್ವರಿ ಚಾವಣಿಯ ಕೆಳಗೆ ನಿಂತ ಯಾವ ಛಾಯಾಗ್ರಾಹಕನ ಕೈಯೂ ಸುಮ್ಮನಿರಲಾರದು. ಆದರೆ ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕದಲ್ಲಿ ಸಿನಿಮಾ ತೆಗೆಯಲು ಪರವಾನಗಿ ಬೇಕೆಂದು 1959ರ ನಿಯಮಗಳು ಹೇಳುತ್ತವೆ. ಪರವಾನಗಿ ಸಿಕ್ಕರೂ ಅಲ್ಲಿ ಕಾಳಗ ಬೇಡ ಎನ್ನುತ್ತೇನೆ ನಾನು. ದೀಪದ ಕಾವು, ಪಂಜಿನ ಹೊಗೆ, ಕಂಬಕ್ಕೆ ತಾಗುವ ಟ್ರಾಲಿ, ಇವು ಯಾವ ಕಂತಿನಲ್ಲೂ ಕಾಣುವುದಿಲ್ಲ, ಕಲ್ಲಿನ ಮೇಲೆ ಉಳಿಯುತ್ತವೆ. ಬಂಕಾಪುರ ಕೋಟೆಯೊಳಗೆ ಅರವತ್ತಾರು ಕಂಬದ ನಗರೇಶ್ವರ ಗುಡಿಯಿದೆ, ಜೊತೆಗೆ ನವಿಲುಧಾಮವೂ ಖಿಲಾರಿ ದನಗಳ ತಳಿ ಕೇಂದ್ರವೂ ಇವೆ. ನವಿಲು ಮೊಟ್ಟೆಯಿಡುವ ಪೊದೆಯ ಪಕ್ಕ ಸಿಡಿಮದ್ದು ಹಾರಿಸುವುದು ಸಲ್ಲದು.

ಸೆಟ್ಟಿನೊಳಗಿನ ಬೆಂಕಿ ಏನು ಮಾಡಬಲ್ಲದೆಂದು ಕನ್ನಡ ನಾಡಿಗೆ ಗೊತ್ತು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿ 62 ಜೀವಗಳನ್ನು ನುಂಗಿತು. ಟಿಪ್ಪುವಿನ ಕಥೆಗೆ ಸವಣೂರಿನ ನಂಟೂ ಉಂಟು. ನವಾಬ ಅಬ್ದುಲ್ ಹಕೀಮ್ ಖಾನ್ ಹೈದರನ ಬೀಗ. 1786ರಲ್ಲಿ ಟಿಪ್ಪುವಿನ ದಂಡು ಬಂದಾಗ ಊರು ಬಿಟ್ಟು ಮರಾಠರ ಕಡೆ ಹೋದ. ಸವಣೂರಿನ ಆಫ್ರಿಕಾ ಮೂಲದ ಮೂರು ದೊಡ್ಡ ಹುಣಸೆ ಮರಗಳು ಇದನ್ನೆಲ್ಲ ಕಂಡಿರಬಹುದಾದ ಮರಗಳು. 2023ರ ಮಳೆಗೆ ಉರುಳಿದ ಒಂದನ್ನು ಎತ್ತಿ ಮತ್ತೆ ನೆಟ್ಟಿದ್ದಾರೆ. ಆ ಮೂರರ ಬುಡಕ್ಕೆ ಜನರೇಟರ್ ಗಾಡಿ ಬಾರದಿರಲಿ.

ಹಾಗಾದರೆ ಎಲ್ಲಿ? ಬೆಟ್ಟದ ನಡುವಿನ ನೀರಿಗೆ ಹಿರೇಕೆರೂರು ಸೀಮೆಯ ಮದಗ-ಮಾಸೂರು ಕೆರೆಯಿದೆ. ಗುಡ್ಡಗಳ ಸಂದಿನಲ್ಲಿ ಕುಮುದ್ವತಿಗೆ ಕಟ್ಟಿದ ಆ ಹಳೆಯ ಏರಿಯನ್ನು ಕಂಡರೆ ಲಾಕ್ ಟೇ ನೆನಪಾಗಬೇಕು. ಕೋಟೆ, ಬೀದಿ, ಗುಡಿಗಳನ್ನು ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ರೈತನಿಗೆ ಬಾಡಿಗೆ ಕೊಟ್ಟು ಕಟ್ಟಬಹುದು. ಕಟ್ಟುವ ಕೈಗಳಿಗೂ ದೂರ ಹೋಗಬೇಕಿಲ್ಲ. ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕೇ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಆ ಕೆಲಸ ಕಲಿತವರು ಚಾಲುಕ್ಯರ ಕಂಬವನ್ನು ಅಳತೆ ಹಿಡಿದು ಎರಕ ಹೊಯ್ಯಬಲ್ಲರು. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಗೊಟಗೋಡಿಯಲ್ಲೇ. ತುಂಗಭದ್ರೆ, ವರದೆಯ ಈ ಬಯಲಿನ ದೊಡ್ಡಾಟದ ಕಲಾವಿದರು ಕಿರೀಟ ಹೊತ್ತು ರಾತ್ರಿಯಿಡೀ ಕುಣಿದು ಯುದ್ಧದ ಮಾತಾಡಬಲ್ಲವರು.

ಚಿತ್ರೀಕರಣ ಊರಿಗೆ ಒಳ್ಳೆಯದನ್ನೂ ಉಳಿಸಿಹೋಗಬಹುದು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗಾಗಿ ಆಗುಂಬೆಗೆ ಹೋದರು, 1986ರಲ್ಲಿ ಅದು ತೆರೆಗೆ ಬಂತು. ಅದರಲ್ಲಿ ಕಂಡ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಸಂಗ್ರಹಾಲಯವಿದೆ. ಸೋಹಣಿಯ ಕಥೆ ತೆಗೆಯುವವರು ಹಾನಗಲ್ಲಿಗೆ ಅಳತೆ ಟೇಪು, ಚಿತ್ರಕಾರ, ಶಾಸನ ಓದಬಲ್ಲವರೊಬ್ಬರು, ಇಷ್ಟರೊಂದಿಗೆ ಬರಲಿ. ಗುಡಿಯಲ್ಲಿ ಅವರ ಕೆಲಸ ನೋಡುವುದು, ಬರೆದುಕೊಳ್ಳುವುದು. ಕುದುರೆ, ಪಂಜು, ಕತ್ತಿಗಳ ಲಾರಿ ನೇರವಾಗಿ ಹೊಲಕ್ಕೆ ಹೋಗಲಿ.