ಹಾವು ಕಚ್ಚಿದಾಗ ‘ನೋಡೋಣ ತಡಿ’ ಎನ್ನಬೇಡಿ

‘ಬಾವು ಬಂದಿಲ್ಲ, ಉರಿಯೂ ಇಲ್ಲ, ವಿಷ ಏರಿಲ್ಲ ಬಿಡು.’ ಹಾವು ಕಚ್ಚಿದ ಮನೆಗಳಲ್ಲಿ ಕೇಳಿಬರುವ ಈ ಧೈರ್ಯದ ಮಾತಿಗೇ ನಾನು ಹೆಚ್ಚು ಹೆದರುತ್ತೇನೆ. ಕೊಳಕುಮಂಡಲ ಕಚ್ಚಿದರೆ ಸಾಮಾನ್ಯವಾಗಿ ನೋವು, ಬಾವು ಬೇಗ ಕಾಣುತ್ತವೆ. ಕಟ್ಟುಹಾವಿನ ಬಗೆಯೇ ಬೇರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಅದು ಹೆಚ್ಚಾಗಿ ಕಚ್ಚುವುದು. ಹಲ್ಲು ಸಣ್ಣದು, ಗುರುತು ಕಾಣದಿರಬಹುದು, ಎಚ್ಚರವೂ ಆಗದಿರಬಹುದು. ನಸುಕಿನಲ್ಲಿ ಹೊಟ್ಟೆ ನುಲಿಯುತ್ತದೆ, ವಾಂತಿಯಾಗುತ್ತದೆ. ಮನೆಯವರು ರಾತ್ರಿಯ ಊಟವನ್ನು ದೂರಿ ಓಮದ ನೀರು ಕುಡಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಎಂಜಲು ನುಂಗುವುದೂ ಕಷ್ಟವಾಗುತ್ತದೆ. ಮುಂದಿನ ಸರದಿ ಉಸಿರಾಟದ್ದು.

‘ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆಯಲ್ಲ, ಆಮೇಲೆ ಹೋದರಾಯಿತು’ ಎನ್ನುವವರಿದ್ದಾರೆ. ಆ ಮದ್ದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ಕಟ್ಟುಹಾವಿನ ವಿಷ ಅಷ್ಟರೊಳಗೆ ಹಾಳುಮಾಡಿದ ನರದ ತುದಿಗಳನ್ನು ಸರಿಮಾಡುವ ಶಕ್ತಿ ಅದಕ್ಕಿಲ್ಲ. ಅವು ತಾವಾಗಿ ಚಿಗುರುವ ತನಕ ರೋಗಿ ದಿನಗಟ್ಟಲೆ ವೆಂಟಿಲೇಟರ್ ಮೇಲಿರಬೇಕಾಗಬಹುದು.

ನಾಟಿ ಮದ್ದಿನಿಂದ, ಮಂತ್ರದಿಂದ ಬದುಕಿದವರ ಕಥೆ ಪ್ರತಿ ಊರಿನಲ್ಲೂ ಸಿಗುತ್ತದೆ. ನಮ್ಮ ಸುತ್ತಲಿನ ಹೆಚ್ಚಿನ ಹಾವುಗಳಿಗೆ ಪ್ರಾಣ ತೆಗೆಯುವ ವಿಷವಿಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಆ ಕಥೆ ನಂಬಿ ಕೂತ ಇನ್ನೊಬ್ಬರು ಹೋಗಿಬಿಡುತ್ತಾರೆ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂಬ ಅಂದಾಜಿದೆ. ಕರ್ನಾಟಕ 2024ರಲ್ಲಿ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕಡ್ಡಾಯಗೊಳಿಸಿತು.

ಹಗ್ಗ ಬಿಗಿದರೆ ರಕ್ತ ಓಡದೆ ಕಾಲೇ ಕೊಳೆಯಬಹುದು. ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಗಾಯ ಕೊಯ್ದರೆ ಸೋರುತ್ತಲೇ ಇರುತ್ತದೆ. ಉಂಗುರ, ಕಾಲ್ಗೆಜ್ಜೆ ಬಿಚ್ಚಿ, ಕಚ್ಚಿದ ಕೈಕಾಲು ಅಲುಗದಂತೆ ಮಲಗಿಸಿ 108ಕ್ಕೆ ಕರೆಮಾಡಿ. ನಡೆಸಬೇಡಿ.

ಹಾವನ್ನು ಹೊಡೆದು ತರಲು ಬೇಲಿ ಹುಡುಕುತ್ತಾ ಹೊತ್ತು ಕಳೆಯುವುದೂ ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಇಲ್ಲಿ ಕೊಡುವುದು ಒಂದೇ ಮದ್ದು. ವೈದ್ಯರು ರೋಗಿಯ ರೆಪ್ಪೆ, ಉಸಿರು ನೋಡುತ್ತಾರೆ. ಗಾಜಿನ ನಳಿಕೆಯಲ್ಲಿ ತುಸು ರಕ್ತ ಬಿಟ್ಟು 20 ನಿಮಿಷಕ್ಕೆ ಹೆಪ್ಪುಗಟ್ಟಿತೇ ಎಂದು ಪರೀಕ್ಷಿಸುತ್ತಾರೆ. ಎಷ್ಟು ಹೊತ್ತಿಗೆ ಕಚ್ಚಿತು, ಮಾತು ಯಾವಾಗ ತೊದಲಿತು ಎಂಬುದನ್ನು ಅವರಿಗೆ ಹೇಳಿ.